ದೋಣಿಯಕ್ಕ ವಾಪಸು ಬಂದಳು

ಪುಸ್ತಕದಿಂದ ತೆಗೆದ ಸಿನಿಮಾಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆ ಎಂಬ ಜಗಳ ನಮ್ಮ ಅಂಗಡಿಯಲ್ಲಿ ಇಂದಿಗೂ ಮುಗಿದಿಲ್ಲ. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ, ಮೂರನೆಯವರು ಇಬ್ಬರನ್ನೂ ಬೈಯುತ್ತಾರೆ. ನನ್ನನ್ನು ಕೇಳಿದರೆ ನನ್ನ ಉತ್ತರ ಒಂದೇ. ಅಂಥದ್ದನ್ನು ಇನ್ನೂ ಯಾರೂ ತೆಗೆದಿಲ್ಲ, ತೆಗೆಯಲೂ ಆಗುವುದಿಲ್ಲ, ಆದರೆ ನಮ್ಮ ಬೀದಿಯವರೆಲ್ಲ ಅದನ್ನು ನೋಡಿದ್ದಾರೆ. ಹೊಸಬರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರಿಗೂ ಗೊತ್ತು, ಆದರೆ ಈ ಒಂದು ವಿಷಯಕ್ಕೆ ಯಾರು ನಕ್ಕರೂ ನಾನು ಕೋಪ ಮಾಡಿಕೊಳ್ಳುವುದಿಲ್ಲ.

ನಮ್ಮದು ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಅದರ ಎದುರಿಗೆ ಕಾಯುವವರ ಬೆಂಚು. ಮೊದಲನೆಯ ಕುರ್ಚಿ ಅಪ್ಪನದು, ಎರಡನೆಯದು ನನ್ನದು. ಹೆಣ್ಣುಮಗಳು ಗಂಡಸರ ತಲೆಗೆ ಕತ್ತರಿ ಹಾಕುವುದೇ ಎಂದು ಮೂಗು ಮುರಿದವರೆಲ್ಲ ಈಗ ಅವಸರವಿದ್ದಾಗ ನನ್ನ ಕುರ್ಚಿಗೇ ಬರುತ್ತಾರೆ. ಅವಸರವಿಲ್ಲದವರು ಅಪ್ಪನ ಕುರ್ಚಿಗೆ ಹೋಗುತ್ತಿದ್ದರು, ಯಾಕೆಂದರೆ ಅಪ್ಪ ಕತ್ತರಿಯ ಜೊತೆಗೆ ಕತೆಯನ್ನೂ ಆಡಿಸುತ್ತಿದ್ದ. ಸಣ್ಣಪುಟ್ಟ ಕತೆಯಲ್ಲ, ದಪ್ಪ ದಪ್ಪ ಕಾದಂಬರಿಗಳು. ಒಂದು ತಲೆಗೆ ಒಂದು ಅಧ್ಯಾಯ. ನಾಯಕ ಸಂಕಟದಲ್ಲಿ ಸಿಕ್ಕಿಕೊಂಡ ಹೊತ್ತಿಗೆ ಸರಿಯಾಗಿ ಕೊರಳ ಬಟ್ಟೆ ಬಿಚ್ಚಿ ಕೊಡವಿ, "ಮುಂದಿನದು ಮುಂದಿನ ಕಟಿಂಗಿಗೆ" ಎನ್ನುತ್ತಿದ್ದ. ಕೂದಲು ಬೆಳೆಯುವವರೆಗೆ ಕಾಯಲಾರದವರು ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಅಂಥವರಲ್ಲಿ ಮೊದಲಿಗರು ಚಂದಮಾಮ. ಕೆಲಸದಿಂದ ನಿವೃತ್ತರಾದ ಕಂಡಕ್ಟರು, ತಲೆಯ ಮೇಲೆ ಹೆಸರಿಗೂ ಒಂದು ಕೂದಲಿಲ್ಲ, ಅದಕ್ಕೇ ಆ ಹೆಸರು. ಕಟಿಂಗಿಗೆ ನೆಪವಿಲ್ಲದೆ ಅವರು ಶೇವಿಂಗಿನ ನೆಪ ಹಿಡಿದಿದ್ದರು. ಅವರಷ್ಟು ನುಣ್ಣಗೆ ಕೆನ್ನೆ ಇಟ್ಟುಕೊಂಡವರು ಊರಲ್ಲೇ ಇರಲಿಲ್ಲ.

ಅಪ್ಪನಿಗೆ ಕೆಲಸದಲ್ಲಿ ಒಂದು ನಿಯಮವಿತ್ತು. ಗಿರಾಕಿಯ ಮುಖ ಸದಾ ಕನ್ನಡಿಯ ಕಡೆಗೇ ಇರಬೇಕು. "ನಮ್ಮನ್ನ ನಂಬಿ ತಲೆ ಕೊಟ್ಟಿದಾರೆ. ಏನ್ ಮಾಡ್ತಾ ಇದೀವಿ ಅಂತ ಅವರಿಗೆ ಕಾಣ್ತಾ ಇರಬೇಕು" ಎನ್ನುತ್ತಿದ್ದ. ಕುರ್ಚಿ ತಿರುಗುವಂಥದ್ದೇ. ಆದರೆ ಅಪ್ಪ ಅದನ್ನು ತಿರುಗಿಸದೆ ತಾನೇ ಅದರ ಸುತ್ತ ತಿರುಗುತ್ತಿದ್ದ. ನಾನು ನನ್ನ ಕುರ್ಚಿಯನ್ನು ತಿರುಗಿಸಿದರೆ ಕೆಮ್ಮುತ್ತಿದ್ದ.

ಈ ಕಾದಂಬರಿಗಳನ್ನೆಲ್ಲ ಅಪ್ಪ ಓದಿದವನಲ್ಲ, ಕೇಳಿದವನು. ದಿನವಿಡೀ ಕೂದಲಿನ ತುದಿ ನೋಡಿ ನೋಡಿ ಸಂಜೆ ಪುಸ್ತಕ ಹಿಡಿದರೆ ಅವನಿಗೆ ಅಕ್ಷರಗಳೂ ಕೂದಲಿನ ಚೂರುಗಳ ಹಾಗೆ ಕಾಣುತ್ತಿದ್ದವು. ಹಾಗಾಗಿ ಓದುವುದು ಅಮ್ಮನ ಪಾಲಿನ ಕೆಲಸ. ಸಂಜೆ ಅಂಗಡಿಯ ಟವೆಲ್ಲುಗಳು ಒಣಗಿ ಮನೆಗೆ ಬರುತ್ತಿದ್ದವು. ಅಪ್ಪ ಅವುಗಳ ರಾಶಿಯ ಮುಂದೆ ಕೂತು ಒಂದೊಂದಾಗಿ ಮಡಚುವುದು, ಅಮ್ಮ ಕಿಟಕಿಯ ಪಕ್ಕ ಕೂತು ಓದುವುದು. ಅಪ್ಪನ ಕಣ್ಣು ಟವೆಲ್ಲಿನ ಅಂಚಿನ ಮೇಲೆ, ಕಿವಿ ಅಮ್ಮನ ಮೇಲೆ. ಇದು ನಾನು ಹುಟ್ಟುವ ಮೊದಲಿನಿಂದಲೂ ನಡೆದುಬಂದದ್ದು. ಮರುದಿನ ಅದೇ ಅಧ್ಯಾಯ ಅಂಗಡಿಗೆ ಹೋಗುತ್ತಿತ್ತು.

ನಾನು ಈಗ ಹೇಳಹೊರಟ ನದಿಯ ಕಾದಂಬರಿ ನಮ್ಮ ಮನೆಗೆ ಬಂದದ್ದು ನಾನು ಸ್ಕೂಲಿಗೆ ಹೋಗುತ್ತಿದ್ದಾಗ. ಆಗಷ್ಟೇ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ತೀರಿಕೊಂಡಿದ್ದಳು. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಆಡಿಸಿ, ಬೈದು, ಬಡಿದು, ಕೈಗೆ ಕತ್ತರಿ ಕೊಡಿಸಿದವಳು ಅವಳೇ. ಅವಳು ಹೋದ ಮೇಲೆ ಅಪ್ಪ ಅಂಗಡಿ ತೆರೆಯುತ್ತಿದ್ದ, ಕೂದಲು ಕತ್ತರಿಸುತ್ತಿದ್ದ, ಆದರೆ ಬಾಯಿ ತೆರೆಯುತ್ತಿರಲಿಲ್ಲ. ಬೆಂಚು ಖಾಲಿಯಾಗುತ್ತಾ ಬಂದಿತ್ತು. ಏನಾದರೂ ಓದಿದರೆ ಸರಿಹೋಗಬಹುದು ಎಂದು ಅಮ್ಮ ಹಳೆಯ ಪುಸ್ತಕದ ಅಂಗಡಿಯಿಂದ ಆ ದಪ್ಪ ಪುಸ್ತಕ ತಂದಳು. ನದಿಯ ದಡದಲ್ಲಿ ಒಂದು ಹಿಟ್ಟಿನ ಗಿರಣಿ, ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಅವರನ್ನು ಸಾಕಿದ ಒಬ್ಬಳು ಅಕ್ಕ. ಒಳಗೆ ಏನಿದೆ ಎಂದು ಪಾಪ ಅಮ್ಮನಿಗೇನು ಗೊತ್ತು? ಮೂರನೆಯ ಅಧ್ಯಾಯದಲ್ಲಿ ತಮ್ಮನಿಗೆ ಜ್ವರ ಏರುತ್ತದೆ. ಔಷಧಿ ತರಲು ಅಕ್ಕ ಪ್ರವಾಹದಲ್ಲಿ ದೋಣಿ ಹತ್ತುತ್ತಾಳೆ. ದೋಣಿ ವಾಪಸು ಬರುವುದಿಲ್ಲ.

ಅಮ್ಮ ಆ ಸಾಲಿಗೆ ಬಂದಾಗ ನಾನು ಅಲ್ಲೇ ಹೋಂವರ್ಕ್ ಮಾಡುತ್ತಿದ್ದೆ. ಅಪ್ಪನ ಕೈ ಟವೆಲ್ಲಿನ ಮೇಲೆ ನಿಂತಿತ್ತು. ತಲೆ ಎತ್ತದೆ ಕೇಳಿದ.

"ಆಮೇಲೆ? ಬಂದ್ಲಾ ವಾಪಸ್ಸು?"

ಅಮ್ಮ ಪುಸ್ತಕ ನೋಡಿದಳು, ಅಪ್ಪನನ್ನು ನೋಡಿದಳು. "ಬಂದ್ಲು" ಎಂದಳು.

ಅಲ್ಲಿಂದ ಮುಂದೆ ದೋಣಿಯ ಅಕ್ಕ ನಮ್ಮ ಮನೆಯಲ್ಲಿ ಬದುಕಿದಳು. ಬೆಳಗಾಗುವ ಹೊತ್ತಿಗೆ ತೊಯ್ದು ತೊಪ್ಪೆಯಾಗಿ, ಔಷಧಿಯ ಸೀಸೆಯನ್ನು ತಲೆಯ ಮೇಲೆ ಹಿಡಿದುಕೊಂಡು, ಅಂಬಿಗನನ್ನು ಬೈಯುತ್ತಾ ದಡ ಹತ್ತಿದಳು. ಅಮ್ಮ ಪುಸ್ತಕದ ಕತೆಯ ಒಂದು ಕಲ್ಲನ್ನೂ ಕದಲಿಸಲಿಲ್ಲ. ತಮ್ಮಂದಿರು ದೊಡ್ಡವರಾದರು, ಮದುವೆಯಾದರು, ಗಿರಣಿಗಾಗಿ ಕಿತ್ತಾಡಿ ಬೇರೆಯಾದರು. ಎಲ್ಲ ಪುಸ್ತಕದಲ್ಲಿದ್ದ ಹಾಗೇ. ಅದರ ನಡುವೆ ಅಕ್ಕನನ್ನು ಓಡಾಡಿಸಿದಳು ಅಷ್ಟೇ. ಅದೂ ಎಷ್ಟು ನಾಜೂಕಾಗಿ ಅಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅಕ್ಕನ ಬಾಯಿಗೆ ಅವಳು ಕೊಟ್ಟ ಮಾತೆಲ್ಲ ನನ್ನ ಸೋದರತ್ತೆಯದು. "ಅಳೋದಿದ್ರೆ ಪಾತ್ರೆ ತೊಳೀತಾ ಅಳು, ಎರಡೂ ಒಟ್ಟಿಗೆ ಮುಗಿಯುತ್ತೆ." "ಹಸಿದವನಿಗೆ ಬುದ್ಧಿ ಹೇಳ್ಬೇಡ, ಮೊದಲು ತಟ್ಟೆ ಇಡು."

"ಅರೆ! ನಮ್ಮಕ್ಕನೂ ಹೀಗೇ ಅಂತಿದ್ಲು ಕಣೇ" ಎಂದು ಅಪ್ಪ ಮೊದಲ ಸಲ ನಕ್ಕ.

"ಎಲ್ಲಾ ಅಕ್ಕಂದಿರೂ ಹೀಗೇ ಅಂತಾರೆ ಬಿಡಿ" ಎಂದು ಅಮ್ಮ ಪುಟ ತಿರುಗಿಸಿದಳು.

ಮರುದಿನ ಅಪ್ಪ ಅಂಗಡಿಯಲ್ಲಿ ಬಾಯಿ ತೆರೆದ. ಕೆಲವೇ ದಿನಗಳಲ್ಲಿ ದೋಣಿಯಕ್ಕ ಇಡೀ ಬೀದಿಯ ಅಕ್ಕ ಆದಳು.

ನಾನು ಒಂದು ಮಧ್ಯಾಹ್ನ ಪುಸ್ತಕ ತೆಗೆದು ಮೂರನೆಯ ಅಧ್ಯಾಯದಿಂದಾಚೆ ಅವಳನ್ನು ಹುಡುಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅಮ್ಮನನ್ನು ಕೇಳಿದರೆ, "ಅಚ್ಚು ಹಾಕೋರು ಬಿಟ್ಟುಬಿಟ್ಟಿದಾರೆ ಪುಟ್ಟಿ. ಅಪ್ಪಂಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ" ಎಂದಳು. ನಾನು ನಂಬಿದೆ. ಬುದ್ಧಿ ಬಂದ ಮೇಲೆ ನಂಬಿಕೆ ಹೋಯಿತು, ಆದರೆ ಬಾಯಿ ಮಾತ್ರ ಬಿಡಲಿಲ್ಲ. ಅಮ್ಮ ನನ್ನ ಬೇರೆ ಸುಳ್ಳುಗಳನ್ನೆಲ್ಲ ಹಿಡಿದು ಬೈದವಳು. ಅವಳ ಈ ಒಂದು ಸುಳ್ಳನ್ನು ಕಾಯುವುದು ನನಗೆ ಒಂದು ರೀತಿಯ ದೊಡ್ಡಸ್ತಿಕೆ ಅನ್ನಿಸುತ್ತಿತ್ತು.

ವರ್ಷಗಳು ಉರುಳಿದವು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ "ದೋಣಿಯಕ್ಕ ಇದ್ದಿದ್ರೆ ಇಬ್ಬರ ಕಿವೀನೂ ಹಿಂಡೋಳು" ಎನ್ನುವುದು ರೂಢಿಯಾಯಿತು. ಬಟ್ಟೆ ಹೊಲಿಯುವವನು ತನ್ನ ಹೆಂಡತಿಯನ್ನು ಹೊಗಳುವಾಗ "ಸಾಕ್ಷಾತ್ ದೋಣಿಯಕ್ಕ" ಎನ್ನುತ್ತಿದ್ದ. ಪುಸ್ತಕವನ್ನು ಯಾರೂ ಓದಲಿಲ್ಲ. ಅಪ್ಪ ಇಷ್ಟು ಚೆನ್ನಾಗಿ ಹೇಳುವಾಗ ಓದುವ ಕಷ್ಟ ಯಾರಿಗೆ ಬೇಕು? ಪುಸ್ತಕದಿಂದ ಬಂದ ಬೇರೆ ಸಿನಿಮಾಗಳನ್ನು ನೋಡಿ ಬಂದಾಗಲೆಲ್ಲ ಮರುದಿನ ಅಂಗಡಿಯಲ್ಲಿ ಪಂಚಾಯ್ತಿ ನಡೆಯುತ್ತಿತ್ತು. ಅಪ್ಪನ ಕತೆಗೂ ಸಿನಿಮಾಗೂ ಎಲ್ಲಿ ವ್ಯತ್ಯಾಸ ಬಂದರೂ ತಪ್ಪು ಸಿನಿಮಾದವರದೇ.

ಹೀಗಿರುವಾಗ ನದಿಯ ಕಾದಂಬರಿಯನ್ನೂ ಸಿನಿಮಾ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಅದನ್ನು ಹೊತ್ತು ತಂದವರು ಚಂದಮಾಮ. ಪೇಪರನ್ನು ಬಾವುಟದ ಹಾಗೆ ಬೀಸುತ್ತಾ ಒಳಗೆ ಬಂದರು.

"ಪುಸ್ತಕದ ಒಂದಕ್ಷರಾನೂ ಬಿಟ್ಟಿಲ್ವಂತೆ! ಹೇಗಿದೆಯೋ ಹಾಗೇ ತೆಗೆದಿದಾರಂತೆ!"

ಅಪ್ಪನ ಮುಖ ನೋಡಬೇಕಿತ್ತು. ಸಿನಿಮಾ ತೆಗೆದವನು ತಾನೇ ಎಂಬ ಹಾಗೆ ಎದೆ ಉಬ್ಬಿಸಿದ. ಆವತ್ತಿನಿಂದ ಕತೆಯನ್ನು ಮೊದಲಿನಿಂದ ಮತ್ತೆ ಶುರುಮಾಡಿದ. ಸಿನಿಮಾ ಬರುವುದರೊಳಗೆ ಎಲ್ಲರಿಗೂ ಬಾಯಿಪಾಠವಾಗಿರಬೇಕು ಎಂಬುದು ಅವನ ಹಟ. ದೋಣಿಯಕ್ಕನ ಪಾತ್ರಕ್ಕೆ ಯಾವ ನಟಿ ಸರಿ ಎಂದು ಬೆಂಚಿನ ಮೇಲೆ ಗುಂಪುಗಳಾದವು. ಇಬ್ಬರು ಮಾತು ಬಿಟ್ಟರು.

ಮನೆಯಲ್ಲಿ ಅಮ್ಮ ಎರಡು ಸಲ ಉಪ್ಪು ಹಾಕಿ ಸಾರು ಕೆಡಿಸಿದಳು.

"ಹೇಳಿಬಿಡಮ್ಮ" ಎಂದೆ, ಅಡಿಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ.

"ಹೇಳೋಣ ಅಂತ್ಲೇ ಇದೀನಿ. ಬಾಯಿಗೆ ಬರುತ್ತೆ, ಅಷ್ಟರಲ್ಲಿ ನಿಮ್ಮಪ್ಪ 'ಅಕ್ಕ ಸಿನಿಮಾದಲ್ಲಿ ಬರ್ತಾಳೆ ಕಣೇ' ಅಂತಾರೆ. ದೋಣಿಯಕ್ಕ ಅಂತ ಕೂಡ ಅನ್ನಲ್ಲ, ಅಕ್ಕ ಅಂತಾರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬೀದಿಯವರ ಮುಂದೆ ಅವರನ್ನ ಸುಳ್ಳುಗಾರನ್ನ ಮಾಡಿಬಿಟ್ನಲ್ಲೇ. ಅವರು ಇಷ್ಟು ವರ್ಷ ಒಂದು ಮಾತು ತಪ್ಪಾಗಿ ಆಡಿದವರಲ್ಲ."

ಅವಳ ಭಯ ಅದೇ. ಅಪ್ಪನ ಮಾತಿಗೆ ಬೀದಿಯಲ್ಲಿ ತೂಕವಿತ್ತು. ಅದು ನೆಲಕ್ಕೆ ಬಿದ್ದರೆ ಅಪ್ಪ ಏಳುವುದಿಲ್ಲ ಎಂದು ನನಗೂ ಗೊತ್ತಿತ್ತು. ನನ್ನ ಸೋದರತ್ತೆ ಹೋದಾಗ ಅವನು ಹೇಗಿದ್ದ ಎಂಬುದನ್ನು ನಾವಿಬ್ಬರೂ ನೋಡಿದ್ದೆವು.

ಸಿನಿಮಾ ಬಂದ ದಿನ ಅಪ್ಪ ಮಧ್ಯಾಹ್ನ ಅಂಗಡಿ ಮುಚ್ಚಿದ. ಟಾಕೀಸಿನಲ್ಲಿ ಇಡೀ ಬೀದಿ ಒಂದೇ ಸಾಲಿನಲ್ಲಿ ಕೂತಿತು. ನಮ್ಮ ಊರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಲೈಬ್ರರಿಯವರು ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಸಣಕಲು ಮನುಷ್ಯ, ಮಾತು ಕಮ್ಮಿ. ನನ್ನ ಕುರ್ಚಿಯಲ್ಲಿ ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದರು.

ತೆರೆಯ ಮೇಲೆ ನದಿ ಬಂತು, ಗಿರಣಿ ಬಂತು, ಅಕ್ಕ ಬಂದಳು. ನಮ್ಮ ಸಾಲು ಚಪ್ಪಾಳೆ ತಟ್ಟಿತು. ಅಕ್ಕ ದೋಣಿ ಹತ್ತಿದಳು. ದೋಣಿ ಮುಳುಗಿತು. ಬೇರೆ ಸಾಲುಗಳಲ್ಲಿ ಜನ ಮೂಗು ಒರೆಸಿಕೊಳ್ಳುತ್ತಿದ್ದರೆ ನಮ್ಮ ಸಾಲು ಮಾತ್ರ ಮುಸಿಮುಸಿ ನಗುತ್ತಿತ್ತು.

"ಅಳ್ಬೇಡಿ, ಬರ್ತಾಳೆ" ಎಂದು ಚಂದಮಾಮ ಪಕ್ಕದಲ್ಲಿ ಅಳುತ್ತಿದ್ದ ಅಪರಿಚಿತ ಹೆಂಗಸಿಗೆ ಧೈರ್ಯ ಹೇಳಿದರು.

ಇಂಟರ್‌ವಲ್‌ವರೆಗೂ ಅವಳು ಬರಲಿಲ್ಲ. ಟೀ ಕುಡಿಯುತ್ತಾ ಎಲ್ಲರೂ ಅಪ್ಪನ ಮುಖ ನೋಡಿದರು. "ಸಿನಿಮಾದೋರು ಕಣ್ರಯ್ಯಾ. ಕೊನೆಗೆ ಇಟ್ಕೊಂಡಿರ್ತಾರೆ" ಎಂದ ಅಪ್ಪ. ಅಮ್ಮ ಕಪ್ಪನ್ನು ಬಾಯಿಗೇ ತಂದಿರಲಿಲ್ಲ. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

ಕೊನೆಯಲ್ಲಿ ತಮ್ಮಂದಿರಿಬ್ಬರೂ ಮುದುಕರಾಗಿ ಗಿರಣಿಯ ಮುಚ್ಚಿದ ಬಾಗಿಲ ಮುಂದೆ ಎದುರುಬದುರಾಗುತ್ತಾರೆ. ಅಮ್ಮನ ಓದಿನಲ್ಲಿ ಇದು ಎಲ್ಲರಿಗೂ ಇಷ್ಟವಾದ ಜಾಗ. ಒಳಗಿನಿಂದ ಚಿಲಕ ಹಾಕಿಕೊಂಡು ಕೂತ ದೋಣಿಯಕ್ಕ, "ಇಬ್ರೂ ಮಾತಾಡಿದ ಮೇಲೇ ಬಾಗಿಲು ತೆಗೆಯೋದು. ನನಗೇನು ಅವಸರವಿಲ್ಲ, ಊಟ ಮಾಡ್ಕೊಂಡೇ ಬಂದಿದೀನಿ" ಎಂದು ಕೂಗುತ್ತಾಳೆ. ನಮ್ಮ ಸಾಲು ಮುಂದಕ್ಕೆ ಬಾಗಿ ಉಸಿರು ಬಿಗಿಹಿಡಿಯಿತು. ತಮ್ಮಂದಿರು ಬಾಗಿಲು ತಳ್ಳಿದರು. ಒಳಗೆ ಹಿಟ್ಟಿನ ಧೂಳು, ಒಂದು ಖಾಲಿ ಕೋಣೆ. ಇಬ್ಬರೂ ಅಪ್ಪಿಕೊಂಡು ಅತ್ತರು. ಸಿನಿಮಾ ಮುಗಿಯಿತು.

ಅಪ್ಪ ಎದ್ದು ನಿಂತಿದ್ದ. ಆ ಖಾಲಿ ಕೋಣೆಯಿಂದ ಇನ್ನೂ ಯಾರಾದರೂ ಬರಬಹುದು ಎನ್ನುವ ಹಾಗೆ ಬಿಳಿ ತೆರೆಯನ್ನೇ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ಸಿಡಿದುಬಿದ್ದ. "ಮೋಸ ಇದು! ಒಂದಕ್ಷರ ಬಿಟ್ಟಿಲ್ಲ ಅಂತ ಪೇಪರಲ್ಲಿ ಹಾಕಿಸ್ತಾರೆ, ಇಡೀ ಅಕ್ಕನ್ನೇ ಬಿಟ್ಟಿದಾರೆ! ಪುಸ್ತಕದ ಜೀವಾನೇ ಅವಳು!" ಬೀದಿಯವರೆಲ್ಲ ಹೌದು ಹೌದು ಎಂದು ಕೂಗಿದರು. ಟಿಕೇಟು ಕೊಡುವವನು ಕಿಟಕಿ ಮುಚ್ಚಿಕೊಂಡ.

ಲೈಬ್ರರಿಯವರು ಮೆಲ್ಲನೆ ಹತ್ತಿರ ಬಂದರು. "ತಪ್ಪು ತಿಳ್ಕೋಬೇಡಿ. ಆ ಪುಸ್ತಕ ನಾನು ಎಷ್ಟೋ ಸಲ ಓದಿದೀನಿ. ಅದರಲ್ಲೂ ಅವಳು ವಾಪಸ್ ಬರಲ್ಲ."

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಸ್ವಾಮಿ, ನನ್ನ ಹೆಂಡ್ತಿ ನನ್ನ ಮುಂದೆ ಕೂತು ಓದಿದಾಳೆ. ಪುಸ್ತಕ ನಮ್ಮನೇಲಿದೆ. ನಾಳೆ ಬೆಳಿಗ್ಗೆ ಅಂಗಡಿಗೆ ಬನ್ನಿ, ಎಲ್ಲರೂ ಬನ್ನಿ. ಅವಳೇ ಓದ್ತಾಳೆ, ನೀವು ಪಕ್ಕದಲ್ಲೇ ಕೂತು ನೋಡಿ. ಅಕ್ಕ ವಾಪಸ್ ಬರದೇ ಇದ್ರೆ ಇನ್ಮೇಲೆ ನಾನು ಅಂಗಡೀಲಿ ಕತೆ ಅಂತ ಬಾಯಿ ಬಿಡಲ್ಲ. ನನ್ನ ಕತ್ತರಿ ಆಣೆ!"

ಅಪ್ಪ ಆಣೆ ಇಡುವವನಲ್ಲ. ಅದೂ ಕತ್ತರಿಯ ಮೇಲೆ ಇಟ್ಟದ್ದು ಅದೇ ಮೊದಲು. ಮನೆಗೆ ನಡೆಯುವಾಗ ಅಮ್ಮ, "ರೀ, ಒಂದು ಮಾತು" ಎಂದಳು. "ನಾಳೆ ಓದು, ಈಗ ಮಾತು ಬೇಡ" ಎಂದು ಅಪ್ಪ ಮುಂದೆ ಮುಂದೆ ನಡೆದ. ಆ ಸಂಜೆ ಟವೆಲ್ಲುಗಳನ್ನು ನಾನು ಮಡಚಿದೆ.

ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ನಡುವೆ ಅಮ್ಮ, ತೊಡೆಯ ಮೇಲೆ ಪುಸ್ತಕ. ಪಕ್ಕದಲ್ಲಿ ಲೈಬ್ರರಿಯವರು. ಬಾಗಿಲಲ್ಲಿ, ಮೆಟ್ಟಿಲ ಮೇಲೆ ಮಿಕ್ಕವರು. ಕೈ ಖಾಲಿಯಿದ್ದರೆ ಅಪ್ಪನಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುವುದಿಲ್ಲ, ಅದಕ್ಕೆ ಚಂದಮಾಮನನ್ನು ಕುರ್ಚಿಯಲ್ಲಿ ಕೂರಿಸಿ, ಬೇಕಿಲ್ಲದ ಕೆನ್ನೆಗೆ ನೊರೆ ಹಚ್ಚಿ, ಕನ್ನಡಿಯ ಕಡೆ ತಿರುಗಿ ಶೇವಿಂಗ್ ಶುರುಮಾಡಿದ.

"ಓದು" ಎಂದ.

ಅಮ್ಮ ನನ್ನ ಕಡೆ ನೋಡಿದಳು. ಅವಳು ನಿಜ ಹೇಳಲು ನಿರ್ಧರಿಸಿಕೊಂಡೇ ಬಂದಿದ್ದಾಳೆ ಎಂದು ನನಗೆ ಕಂಡಿತು. ಪುಸ್ತಕ ತೆರೆದು, ಇದ್ದದ್ದನ್ನು ಇದ್ದ ಹಾಗೆ ಓದಿದಳು. ಜ್ವರ, ಪ್ರವಾಹ, ದೋಣಿ. ಲೈಬ್ರರಿಯವರ ಬೆರಳು ಅವಳ ಜೊತೆಗೇ ಸಾಲಿನ ಕೆಳಗೆ ಓಡುತ್ತಿತ್ತು. ಕೊನೆಗೆ ಆ ಸಾಲು. ದೋಣಿ ವಾಪಸು ಬರಲಿಲ್ಲ. ಅಮ್ಮ ನಿಲ್ಲಿಸಿದಳು. ಅಲ್ಲಿಗೆ ಅಧ್ಯಾಯ ಮುಗಿದಿತ್ತು.

ಕತ್ತಿ ಚಂದಮಾಮನ ಕೆನ್ನೆಯ ಮೇಲೆ ನಿಂತಿತು. ಅಪ್ಪ ತಿರುಗಲಿಲ್ಲ. ಕೇಳಿದ ಅಷ್ಟೇ.

"ಆಮೇಲೆ? ಬಂದ್ಲಾ ವಾಪಸ್ಸು?"

ಅದೇ ಮಾತು, ಅದೇ ದನಿ. ನನಗೆ ಹೋಂವರ್ಕಿನ ಸಂಜೆ ನೆನಪಾಯಿತು. ಅಮ್ಮ ತಲೆ ಎತ್ತಿ ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಅವಳ ನಿರ್ಧಾರವೆಲ್ಲ ಎಲ್ಲಿ ಹೋಯಿತೋ.

"ಬಂದ್ಲು" ಎಂದಳು.

ಎಂದವಳು ಹೇಳುತ್ತಾ ಹೋದಳು. ತೊಯ್ದ ಸೀರೆ, ತಲೆಯ ಮೇಲಿನ ಸೀಸೆ, ಅಂಬಿಗನಿಗೆ ಬೈಗುಳ. "ಏಳೋ ಸೋಮಾರಿ, ಜ್ವರ ಬಂದೋರೆಲ್ಲ ಹೀಗೆ ಮಲಗಿಬಿಟ್ರೆ ಗಿರಣಿ ಯಾರು ತಿರುಗಿಸ್ತಾರೆ?" ಎಂದು ತಮ್ಮನ ಬಾಯಿಗೆ ಔಷಧಿ ಹುಯ್ದದ್ದು. ತಮ್ಮ ಅತ್ತಾಗ ಅಕ್ಕ ಹೇಳಿದ್ದು, "ಅಳೋದಿದ್ರೆ ಪಾತ್ರೆ ತೊಳೀತಾ ಅಳು." ಮೆಟ್ಟಿಲ ಮೇಲಿದ್ದವರು ಅದನ್ನು ಅವಳ ಜೊತೆಗೇ ಹೇಳಿ ಮುಗಿಸಿದರು. ನಾವೆಲ್ಲ ಇದನ್ನು ಅಪ್ಪನ ಬಾಯಲ್ಲಿ ಕೇಳಿದವರು. ಬಾವಿಯ ನೀರನ್ನು ಬಾವಿಯಲ್ಲೇ ಕುಡಿದದ್ದು ಅದೇ ಮೊದಲು. ಅಮ್ಮನ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಕೈ ಗಾಳಿಯಲ್ಲಿ ದೋಣಿಯ ಹುಟ್ಟು ಹಾಕುತ್ತಿತ್ತು. ಎರಡೂ ಕೈ.

ಪುಸ್ತಕ ಅವಳ ತೊಡೆಯ ಮೇಲೆ ತಾನಾಗಿಯೇ ಮುಚ್ಚಿಕೊಂಡಿತ್ತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಲೈಬ್ರರಿಯವರಿಗೆ ಗೊತ್ತಾಗಿತ್ತು. ಆದರೆ ಅವರು ಪುಸ್ತಕದ ಕಡೆ ನೋಡುವುದನ್ನು ಬಿಟ್ಟು ಬಾಯಿ ತೆರೆದು ಅಮ್ಮನನ್ನೇ ನೋಡುತ್ತಿದ್ದರು.

ಅಪ್ಪ ಕನ್ನಡಿಯಲ್ಲಿ ನೋಡುತ್ತಿದ್ದ. ಇಷ್ಟು ವರ್ಷ ಅವಳು ಓದುವಾಗ ಅವನ ಕಣ್ಣು ಟವೆಲ್ಲಿನ ಮೇಲಿತ್ತು. ಅವಳು ಓದುವುದನ್ನು ಅವನು ನೋಡಿದ್ದು ಅವತ್ತೇ. ಮುಚ್ಚಿದ ಪುಸ್ತಕ ನೋಡಿದ, ಅವಳ ಕೈ ನೋಡಿದ, ಅವಳ ಮುಖ ನೋಡಿದ. ಕತ್ತಿಯನ್ನು ಮೆಲ್ಲನೆ ಕೆಳಗಿಟ್ಟ.

"ಅದು ನಮ್ಮಕ್ಕನ ಮಾತು" ಎಂದ.

ಅಮ್ಮ ಅಲ್ಲಿಗೇ ನಿಲ್ಲಿಸಿದಳು. ತೊಡೆಯ ಮೇಲಿನ ಪುಸ್ತಕ ನೋಡಿ ನಾಲಿಗೆ ಕಚ್ಚಿಕೊಂಡಳು.

"ಪಾತ್ರೆ ತೊಳೆಯೋದು, ತಟ್ಟೆ ಇಡೋದು... ಪುಸ್ತಕದ್ದಲ್ಲ. ನಮ್ಮಕ್ಕಂದೇ."

"ಹೌದು ರೀ" ಎಂದಳು ಅಮ್ಮ. ದನಿ ನೂಲಿನಷ್ಟಾಗಿತ್ತು. "ಆವತ್ತು ನೀವು ಕೇಳಿದ್ರಿ. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಒಂದ್ಸಲ ಮನೆಗೆ ಬಂದವಳನ್ನ ಆಮೇಲೆ ಹೇಗೆ ಕಳಿಸಲಿ?"

ಚಂದಮಾಮನ ಅರ್ಧ ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಅಪ್ಪ ಭುಜದ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎಷ್ಟು ಹೊತ್ತು ಒರೆಸಿಕೊಂಡನೆಂದರೆ ನಾನು ಹತ್ತಿರ ಹೋಗಲೇ ಎಂದುಕೊಂಡೆ. ಟವೆಲ್ ತೆಗೆದಾಗ ಕಣ್ಣು ಕೆಂಪಾಗಿತ್ತು. ಆದರೆ ಅವನ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿರಲಿಲ್ಲ. ನನಗೆ ಮೊದಲ ಸಲ ಕತ್ತರಿ ಹಿಡಿಯಲು ಕೊಟ್ಟಾಗ ಒಂಚೂರು ಹೀಗಿತ್ತು.

"ಲೈಬ್ರರಿಯವರೇ, ನೀವು ಗೆದ್ರಿ, ನಾನು ಸೋತೆ. ಸೋತಿದ್ದಕ್ಕೆ ನನಗೆ ಕೂದಲಿನಷ್ಟೂ ಬೇಜಾರಿಲ್ಲ." ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಯ ಕೊನೆಗೂ ಕೇಳುವ ಹಾಗೆ ಹೇಳಿದ. "ಎಲ್ಲರೂ ಕೇಳ್ರಪ್ಪ. ದೋಣಿಯಕ್ಕ ಪುಸ್ತಕದಲ್ಲೂ ಇಲ್ಲ, ಸಿನಿಮಾದಲ್ಲೂ ಇಲ್ಲ. ಅವಳು ನಮ್ಮಕ್ಕ. ಅವಳನ್ನ ನೀರಿಂದ ಎತ್ತಿ ತಂದು ಇಷ್ಟು ವರ್ಷ ಸಾಕಿದ್ದು ನನ್ನ ಹೆಂಡ್ತಿ. ನನಗೇ ಗೊತ್ತಾಗದ ಹಾಗೆ ಸಾಕಿದಾಳೆ. ಇನ್ಯಾರಿಗಾದ್ರೂ ಇಂಥ ಹೆಂಡ್ತಿ ಇದ್ರೆ ಬಂದು ನನ್ನ ಮುಂದೆ ನಿಂತ್ಕೊಳ್ಳಿ!"

ಯಾರೂ ನಿಲ್ಲಲಿಲ್ಲ. ಬಟ್ಟೆ ಹೊಲಿಯುವವನು ಹೆಂಡತಿಯ ಕಡೆ ನೋಡಿ, ಯೋಚಿಸಿ, ಸುಮ್ಮನಾದ.

ಲೈಬ್ರರಿಯವರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಒಂದು ಅನುಮಾನ. ತಮ್ಮಂದಿರು ಬೇರೆ ಆದ್ರಲ್ಲ, ಆಗ ಅಕ್ಕ ಯಾರ ಮನೇಲಿ ಇದ್ಲು?"

"ಯಾರ ಮನೇಲೂ ಇಲ್ಲ" ಎಂದಳು ಅಮ್ಮ. "ನಡುವೆ ಗೋಡೆ ಕಟ್ಟಿದ್ರಲ್ಲ, ಆ ಗೋಡೇಲಿ ಒಂದು ಬಾಗಿಲು ಇಡಿಸಿ ಅದರ ಮುಂದೇ ಹಾಸಿಗೆ ಹಾಕಿದ್ಲು."

ಅವರು ಅಮ್ಮನ ತೊಡೆಯ ಮೇಲಿನ ಪುಸ್ತಕ ನೋಡಿ, "ಇದು ಪುಸ್ತಕದಲ್ಲಿ ಇರಬೇಕಿತ್ತು" ಎಂದರು. ನನ್ನ ಎದೆ ಅಪ್ಪನಿಗಿಂತಲೂ ಹೆಚ್ಚು ಉಬ್ಬಿತು. ನಾನು ಅವಳ ಮಗಳು, ಅವಳ ಸುಳ್ಳನ್ನು ಕಾಯ್ದುಕೊಂಡು ಬಂದವಳೂ ನಾನೇ.

ಆದರೆ ಆಣೆ ಆಣೆಯೇ. ಮರುದಿನ ಅಪ್ಪ ಅಂಗಡಿ ತೆರೆದ, ಕೂದಲು ಕತ್ತರಿಸಿದ, ಕತೆಗೆ ಮಾತ್ರ ಬಾಯಿ ತೆರೆಯಲಿಲ್ಲ. "ಯಾರೂ ಏನೂ ಅಂದ್ಕೊಳಲ್ಲ, ಹೇಳಿ ಅಣ್ಣ" ಎಂದು ಎಲ್ಲರೂ ಗೋಗರೆದರು. ಅಪ್ಪ ಕತ್ತರಿಯನ್ನು ಎತ್ತಿ ತೋರಿಸಿದ. ಆದರೆ ಅವನ ಮುಖದಲ್ಲಿ ಸೋದರತ್ತೆ ಹೋದಾಗಿನ ಮೌನವಿರಲಿಲ್ಲ. ಅವನು ಬಾಗಿಲ ಕಡೆ ನೋಡುತ್ತಿದ್ದ.

ಹೊತ್ತು ಏರಿದ ಮೇಲೆ ಅಮ್ಮ ಒಣಗಿದ ಟವೆಲ್ಲುಗಳ ಬುಟ್ಟಿ ಹೊತ್ತು ಬಂದಳು. ಬೆಂಚಿನ ಮೇಲೆ ಚಂದಮಾಮ ಸರಿದು ಜಾಗ ಕೊಟ್ಟರು. "ಮನೇಲಿ ಮಡಚೋದು ಇಲ್ಲೇ ಮಡಚ್ತೀನಿ" ಎಂದು ಕೂತಳು. ಮೊದಲ ಟವೆಲ್ಲು ಮಡಚಿ, ಎರಡನೆಯದನ್ನು ಕೊಡವಿ, ಯಾರನ್ನೂ ನೋಡದೆ, "ಅಕ್ಕಂಗೆ ಎಚ್ಚರ ಆದಾಗ ಗೋಡೆಯ ಆ ಕಡೆ ಯಾರೋ ಬಿಕ್ಕೋ ಸದ್ದು" ಎಂದು ಶುರುಮಾಡಿದಳು.

ಅಂದಿನಿಂದ ಕತೆ ಅಮ್ಮನದು. ಅಪ್ಪ ಆಣೆ ಮುರಿಯಲಿಲ್ಲ. ನದಿಯ ಕಾದಂಬರಿಯ ಸಿನಿಮಾ ಈಗ ಟೀವಿಯಲ್ಲೂ ಬರುತ್ತದೆ. ನಮ್ಮ ಬೀದಿಯವರು ಅದನ್ನು ನೋಡುತ್ತಾರೆ, ಚೆನ್ನಾಗಿದೆ ಎಂದು ಒಪ್ಪುತ್ತಾರೆ, ಆದರೆ ಕೊನೆಯಲ್ಲಿ ಬಾಗಿಲು ತೆರೆಯುವ ಮೊದಲೇ ಟೀವಿ ಆರಿಸಿ ಅಂಗಡಿಗೆ ಬರುತ್ತಾರೆ. ಲೈಬ್ರರಿಯವರು ಈಗ ನನ್ನ ಕುರ್ಚಿಯಲ್ಲಿ ಕೂರುವುದಿಲ್ಲ. ಬೆಂಚಿನಲ್ಲಿ ಅಮ್ಮನ ಪಕ್ಕ ಅವರಿಗೊಂದು ಜಾಗವಿದೆ, ಟವೆಲ್ ಮಡಚುವುದನ್ನೂ ಕಲಿತಿದ್ದಾರೆ.

ಮೊನ್ನೆ ಒಬ್ಬ ಹೊಸ ಗಿರಾಕಿ ಬಂದ. ಊರಿಗೆ ಹೊಸಬ. ಅಪ್ಪನ ಕುರ್ಚಿಯಲ್ಲಿ ಕೂತು, ಹಿಂದಿನಿಂದ ಬರುತ್ತಿದ್ದ ಅಮ್ಮನ ದನಿಗೆ ಕಿವಿಗೊಟ್ಟ. ಅರ್ಧ ತಲೆ ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

"ಎಂಥಾ ಕತೆ ಇದು! ಯಾರು ಬರೆದಿದ್ದು?" ಎಂದು ಅಪ್ಪನನ್ನು ಕೇಳಿದ.

ಕತ್ತರಿ ನಿಂತಿತು. ಕತೆಯ ವಿಷಯಕ್ಕೆ ಅಪ್ಪ ಬಾಯಿ ಬಿಡುವುದಿಲ್ಲ ಎಂದು ನಮಗೆಲ್ಲ ಗೊತ್ತು. ಚಂದಮಾಮ ಉತ್ತರ ಹೇಳಲು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಗದರಿ ಸುಮ್ಮನಾಗಿಸಿದೆ.

ಅಪ್ಪ ಕತ್ತರಿಯನ್ನು ಜೇಬಿಗೆ ಹಾಕಿದ. ಎರಡೂ ಕೈಯಿಂದ ಕುರ್ಚಿಯ ಬೆನ್ನು ಹಿಡಿದು, ಗಿರಾಕಿಯ ಮುಖವನ್ನು ಕನ್ನಡಿಯಿಂದ ಅಮ್ಮನ ಕಡೆಗೆ ತಿರುಗಿಸಿದ. ಆ ಕುರ್ಚಿ ತಿರುಗುವಾಗ ಕಿರ್ರೆನ್ನುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.